ಚಿನ್ನಿ ತಿಂದ ಅನ್ನ

ನಮ್ಮನೆಯ ಚಿನ್ನಿ ಸತ್ತದ್ದು ಅನ್ನ ತಿಂದು. ಹೀಗಂದರೆ ವಳಕಮದಿನ್ನಿಯ ಕಟ್ಟೆಯ ಮೇಲೆ ಈಗಲೂ ಒಬ್ಬಿಬ್ಬರು ನಗುತ್ತಾರೆ. "ಅನ್ನ ತಿಂದು ಯಾರರ ಸಾಯ್ತಾರೇನ್ರಿ? ಅನ್ನ ಇಲ್ದ ಸಾಯ್ತಾರ" ಅನ್ನುತ್ತಾರೆ. ನಗಲಿ. ನಗುವವರ ಮನೆಯಲ್ಲೂ ಒಂದೆರಡು ಆಡು ಇವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಚಿನ್ನಿ ನಾವು ಕಾಸು ಕೊಟ್ಟು ತಂದ ಆಡಲ್ಲ. ಊರ ಹೊರಗೆ ಹಟ್ಟಿ ಹಾಕಿದ್ದ ಕುರಿಗಾರರ ಹತ್ತಿರ ಒಂದು ಆಡು ಮೂರು ಮರಿ ಹಾಕಿತ್ತು. ಆಡಿಗೆ ಮೊಲೆ ಎರಡೇ. ಎರಡು ಬಲವಾದ ಮರಿ ಕುಡಿಯುತ್ತಿದ್ದರೆ ಮೂರನೆಯದು ಸುತ್ತ ತಿರುಗಿ ತಿರುಗಿ ಸೋಲುತ್ತಿತ್ತು. "ಉಳಿದ್ರ ನಿಮ್ದು, ಹೋದ್ರ ದೇವರ್ದು, ಒಯ್ರಿ" ಎಂದು ಆ ಅಕ್ಕ ಮರಿಯನ್ನು ನಮ್ಮ ಅವ್ವನ ಸೆರಗಿಗೆ ಹಾಕಿದಳು. ಮಣ್ಣಿನ ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ಮಗಳು ಚಿನ್ನಿ ಎಂದು ಹೆಸರಿಟ್ಟಳು.

ಮೊದಲ ತಿಂಗಳು ಅವ್ವ ಸಾಕಿದಳು, ಅದಕ್ಕೇ ಮರಿ ಉಳಿಯಿತು. ಒಯ್ಯುವ ಮೊದಲು ತಾಯಿಯ ಗಿಣ್ಣು ಹಾಲು ಕುಡಿದಿದೆಯೋ ಇಲ್ಲವೋ ಎಂದು ಕೇಳಿ, ಎದುರಿಗೇ ಒಂದು ಸಲ ಹಿಂಡಿಸಿ ಕುಡಿಸಿಯೇ ತಂದಳು. ಹುಟ್ಟಿದ ಮೊದಲ ಕೆಲವು ತಾಸಿನಲ್ಲಿ ಗಿಣ್ಣು ಹೊಟ್ಟೆಗೆ ಹೋಗದಿದ್ದರೆ ಮರಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಆ ಶಕ್ತಿ ಆಡಿನಲ್ಲಿ ಗರ್ಭದಿಂದ ಬರುವುದಲ್ಲ, ಗಿಣ್ಣಿನಿಂದ ಬರುವುದು. ಅವ್ವನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. "ಗಿಣ್ಣ ಕುಡೀದ ಮರಿ ಗೋಡಿ ಇಲ್ದ ಮನಿ" ಎಂದಷ್ಟೇ ಹೇಳಿದಳು.

ಮಗಳು ಮರಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಅಂಗಾತ ಮಲಗಿಸಿ ಬಾಟಲಿ ಹಿಡಿದರೆ ಅವ್ವ ಬೈಯುತ್ತಿದ್ದಳು. ಮರಿ ನಿಂತೇ ಕುಡಿಯಬೇಕು, ಕುತ್ತಿಗೆ ಚೂರು ಮೇಲಕ್ಕೆ ಚಾಚಿರಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಉಗುರುಬೆಚ್ಚಗಿರಬೇಕು, ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ. ಎರಡು ಕಿಲೋ ತೂಗುವ ಮರಿಗೆ ದಿನಕ್ಕೆ ಒಟ್ಟು 200ರಿಂದ 300 ಮಿಲಿ ಸಾಕು. ಅತ್ತಿತೆಂದು ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಕುಡಿಸಿದರೆ ಭೇದಿ.

ಹದಿನೈದು ದಿನಕ್ಕೆ ಚಿನ್ನಿ ಬೇವಿನ ಎಲೆ ಬಾಯಲ್ಲಿಟ್ಟು ಆಡತೊಡಗಿತು. ಮೂರು ತಿಂಗಳಿಗೆ ಹಾಲು ಬಿಟ್ಟಿತು. ಅಲ್ಲಿಂದ ಮುಂದೆ ಅವ್ವನ ಕೈಯಿಂದ ನಮ್ಮ ಕೈಗೆ ಬಂತು. ಅಲ್ಲಿಯೇ ಎಡವಟ್ಟು ಶುರುವಾಯಿತು.

ನಾವು ಏನು ತಿಂದೆವೋ ಚಿನ್ನಿಯೂ ಅದನ್ನೇ ತಿಂದಿತು. ಬೆಳಿಗ್ಗೆ ಚಾ ಜೊತೆ ಬಿಸ್ಕೀಟು, ಮಧ್ಯಾಹ್ನ ರೊಟ್ಟಿ, ಸಂಜೆ ಮಂಡಕ್ಕಿ. ಮಗಳ ತಾಟಿನಲ್ಲೇ ಬಾಯಿ ಹಾಕುತ್ತಿತ್ತು. ನಾವು ಅದನ್ನು ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಿದ್ದೆವು. "ಮನಿ ಮಗಳ ಹಂಗ ಸಾಕ್ಯಾರ" ಎಂದು ಜನ ಬರೆಯುತ್ತಿದ್ದರು. ನಮಗೆ ಹೆಮ್ಮೆ. ಮೇಯಲು ಬಿಟ್ಟರೆ ಮೈ ಕೊಳೆಯಾಗುತ್ತದೆ, ಯಾರದೋ ಹತ್ತಿ ಹೊಲಕ್ಕೆ ನುಗ್ಗಿ ಜಗಳವಾಗುತ್ತದೆ ಎಂದು ಅಂಗಳದಲ್ಲೇ ಕಟ್ಟುತ್ತಿದ್ದೆವು. ಮುಂದೆ ನೆಲ್ಲು ಹುಲ್ಲು ಎಸೆದಿರುತ್ತಿದ್ದೆವು. ಅದು ಮೂಸಿ ಬಿಡುತ್ತಿತ್ತು. "ಸೊಕ್ಕು ಬಂದೈತಿ ಇದಕ್ಕ" ಎಂದು ನಗುತ್ತಿದ್ದೆವು.

ಅವತ್ತು ನಮ್ಮ ಓಣಿಯಲ್ಲಿ ಮದುವೆ. ಉಳಿದ ಅನ್ನ, ಸಾರು, ಹುಗ್ಗಿ ಎಲ್ಲ ಹಿತ್ತಲಿನ ದೊಡ್ಡ ಬುಟ್ಟಿಗಳಲ್ಲಿ. ನಾವು ಒಂದು ಬಕೀಟು ಅನ್ನ ತಂದು ಚಿನ್ನಿಯ ಮುಂದೆ ಇಟ್ಟು, "ತಿನ್ನು, ನಿಂದೂ ಮದುವಿ ಇವತ್ತು" ಎಂದು ಹೇಳಿ, ಬೈಕ್ ಹತ್ತಿ ಸಿಂಧನೂರಿಗೆ ಸುದ್ದಿಗೆ ಹೋದೆವು. ಈ ಮಾತನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಸಂಜೆ ಬಂದಾಗ ಚಿನ್ನಿ ನಿಂತಿತ್ತು, ಆದರೆ ಕುಡಿದವರ ಹಾಗೆ ತೂಗುತ್ತಿತ್ತು. ಎಡಗಡೆ ಹೊಟ್ಟೆ ಉಬ್ಬಿತ್ತು. ಮುಟ್ಟಿದರೆ ಹದಗೊಂಡ ಕಣಕದ ಹಾಗೆ ಬೆರಳು ಒಳಗೆ ಹೋಗುತ್ತಿತ್ತು. ಹಲ್ಲು ಕಡಿಯುತ್ತಿತ್ತು, ಮೆಲುಕು ಹಾಕುತ್ತಿರಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಮಲಗಿತು. ಹುಳಿ ವಾಸನೆಯ ನೀರುಭೇದಿ.

ಪಕ್ಕದ ಮನೆಯ ಕಾಕಾ ಅವತ್ತು ಬೆಳಿಗ್ಗೆ ಹತ್ತಿಗೆ ಎಣ್ಣೆ ಹೊಡೆದಿದ್ದರು. ಪಂಪು ತೊಳೆದ ನೀರು ಕಟ್ಟೆಯ ಬಳಿ ಚೆಲ್ಲಿತ್ತು. ನಮ್ಮ ತಲೆಯಲ್ಲಿ ಒಂದೇ ಮಾತು. ಹಗ್ಗ ಬಿಚ್ಚಿಕೊಂಡು ಹೋಗಿ ಆ ನೀರು ಕುಡಿದಿದೆ, ಇಲ್ಲವೇ ಬೇಕಂತಲೇ ಏನೋ ಹಾಕಿದ್ದಾರೆ. ಹಿಂದಿನ ತಿಂಗಳು ಚಿನ್ನಿ ಅವರ ಬೆಂಡಿ ಗಿಡ ತಿಂದಿದ್ದಕ್ಕೆ ಮಾತಿಗೆ ಮಾತು ಬೆಳೆದಿತ್ತು. ನಾವು ಬಾಗಿಲಿಗೆ ಹೋಗಿ ಕೇಳಬಾರದ ಮಾತು ಕೇಳಿದೆವು. ಕಾಕಾ ದೊಡ್ಡವರು, ನಮ್ಮನ್ನು ಎತ್ತಿ ಆಡಿಸಿದವರು. ಅವರು ಏನೂ ಅನ್ನಲಿಲ್ಲ. "ತಮ್ಮ, ಮೊದಲ ಡಾಕ್ಟ್ರನ್ನ ಕರಿ. ನನ್ನ ಆಮ್ಯಾಗ ಬಯ್ಯುವಂತಿ" ಎಂದರು.

ಡಾಕ್ಟರು ಬಂದರು, ಮಾಡುವುದೆಲ್ಲ ಮಾಡಿದರು. ಸೋಡಾ ನೀರು ಕುಡಿಸಿದರು, ಸಲೈನ್ ಹಚ್ಚಿದರು. "ತಡ ಆಗೈತಿ" ಎಂದರು. ಬೆಳಗಿನ ಜಾವ ಚಿನ್ನಿ ಹೋಯಿತು. ಮಗಳು ಎದ್ದಿರಲಿಲ್ಲ.

ನಾವು ಹಟ ಹಿಡಿದು ಹೊಟ್ಟೆ ಕೊಯ್ಯಿಸಿದೆವು. ವಿಷ ಎಂದು ಬರೆಸಿಕೊಂಡು ಪೊಲೀಸ್ ಠಾಣೆಗೆ ಹೋಗುವ ಯೋಚನೆ ನಮ್ಮದು. ಡಾಕ್ಟರು ಕೊಯ್ದು, ಒಳಗಿದ್ದದ್ದನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದರು. ಬೆಳ್ಳಗೆ ಅನ್ನ. ಅಗುಳು ಅಗುಳು ಎಣಿಸಬಹುದಿತ್ತು. ಮೂಗಿಗೆ ಹುಳಿ ಹೊಡೆಯಿತು. "ಇದ ನೋಡ್ರಿ ನಿಮ್ಮ ವಿಷ" ಎಂದರು.

ಕಾಕಾ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಸಲಿಕೆ ತಂದರು. ಬೇವಿನ ಗಿಡದ ಕೆಳಗೆ ಗುಂಡಿ ತೋಡಿದವರು ಅವರೇ. ನಾವು ಕ್ಷಮೆ ಕೇಳಿದ್ದು ಎಷ್ಟೋ ದಿನ ಆದ ಮೇಲೆ. ಅವತ್ತು ಬಾಯಿ ಬರಲಿಲ್ಲ.

ಡಾಕ್ಟರು ಕೈ ತೊಳೆದುಕೊಳ್ಳುತ್ತ ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ. ಆಡು, ಕುರಿ, ಎಮ್ಮೆ, ಆಕಳಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದು, ದೊಡ್ಡದು, ಮೆಲುಕು ಚೀಲ. ಅದರಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ. ಎಲೆ, ಹುಲ್ಲು, ಕಾಯಿಯನ್ನು ಕರಗಿಸುವುದು ಅವೇ. ಆಡನ್ನು ಸಾಕುವುದೆಂದರೆ ಒಂದರ್ಥದಲ್ಲಿ ಆ ಜೀವಿಗಳನ್ನು ಸಾಕುವುದು. ಅವು ನಾರಿಗೆ ಒಗ್ಗಿಕೊಂಡಿರುತ್ತವೆ, ನಿಧಾನವಾಗಿ ಕೆಲಸ ಮಾಡುತ್ತವೆ. ಒಂದೇ ಸಲ ಅನ್ನ, ಹಿಟ್ಟು, ನುಚ್ಚು, ಜೋಳ ಬಿದ್ದರೆ ಬೇರೆ ಜಾತಿಯ ಜೀವಿಗಳು ಹೆಚ್ಚುತ್ತವೆ. ಅವು ಪಿಷ್ಟವನ್ನು ಬೇಗಬೇಗ ಹುಳಿ ಮಾಡುತ್ತವೆ. "ಇಡ್ಲಿ ಹಿಟ್ಟು ಹುಳಿ ಬರೂದು ನೋಡೀರಲ್ಲ, ಹಂಗ ಹೊಟ್ಟ್ಯಾಗ" ಎಂದರು. ಆ ಹುಳಿಗೆ ಒಳ್ಳೆಯ ಜೀವಿಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆಯುತ್ತದೆ, ಹುಳಿ ರಕ್ತಕ್ಕೆ ಹೋಗುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಕರುಳು ಬೇನೆ ಎಂದು ಕುರಿಗಾರರು ಕರೆಯುವ ರೋಗವೂ ಹೀಗೇ ದಿಢೀರನೆ ಕಾಳು ತಿಂದಾಗ ಕೆರಳುತ್ತದೆ. ಅದಕ್ಕೆ ಮಳೆಗಾಲಕ್ಕೆ ಮುಂಚೆ ಹಾಕಿಸುವ ಲಸಿಕೆ ಇದೆ. ಅನ್ನದ ಹುಳಿಗೆ ಲಸಿಕೆ ಇಲ್ಲ.

ಆ ರಾತ್ರಿ ನಮಗೆ ಇನ್ನೊಂದು ನೆನಪು ನಿದ್ದೆಗೆಡಿಸಿತು. ಹಿಂದೆ ಒಂದು ಸಲ ಒಂದು ಊರಲ್ಲಿ ರಾಶಿಯಾದ ಕಣಕ್ಕೆ ಕುರಿ ನುಗ್ಗಿ, ಮರುದಿನ ಒಂದೊಂದಾಗಿ ಸತ್ತಿದ್ದವು. ನಾವು ಫೋನಿನಲ್ಲೇ ವಿಷಯ ಕೇಳಿ, "ವಿಷಾಹಾರ ಸೇವಿಸಿ ಕುರಿಗಳ ಸಾವು" ಎಂದು ಆರು ಸಾಲು ಕಳಿಸಿದ್ದೆವು. ಏನು ತಿಂದವು, ಎಷ್ಟು ತಿಂದವು, ಹೊಟ್ಟೆ ಕೊಯ್ದು ನೋಡಿದರೋ ಎಂದು ಕೇಳಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆ ಕಲಿಸಿದ್ದರು. ನಾವು ನಾಲ್ಕಕ್ಕೆ ನಿಲ್ಲಿಸಿದ್ದೆವು. ಆ ಊರಲ್ಲೂ ಯಾರೋ ಒಬ್ಬ ಕಾಕಾನ ಬಾಗಿಲಿಗೆ ಯಾರೋ ಹೋಗಿ ಕೇಳಬಾರದ ಮಾತು ಕೇಳಿರಬಹುದು. ನಮ್ಮ ಆರು ಸಾಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಬಹುದು.

ಹಾಗಾದರೆ ಆಡು ಏನು ತಿನ್ನಬೇಕು? ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಅದರ ಅರ್ಥ ಆಡು ಎಲ್ಲವನ್ನೂ ಹೊಟ್ಟೆ ತುಂಬ ತಿನ್ನುತ್ತದೆ ಎಂದಲ್ಲ, ಎಲ್ಲವನ್ನೂ ಮುಟ್ಟುತ್ತದೆ ಎಂದು. ಇದು ತಿಳಿದದ್ದು ಮರಿ ಕೊಟ್ಟ ಅದೇ ಅಕ್ಕನ ಹಿಂದೆ ಒಂದು ದಿನ ನಡೆದಾಗ.

ಅವಳು ಬಿಸಿಲೇರಿ ಮಂಜು ಆರಿದ ಮೇಲೆಯೇ ಆಡು ಬಿಟ್ಟಳು. ಹಸಿ ಹುಲ್ಲಿನ ತುದಿಗೆ ಜಂತಿನ ಮರಿಗಳು ಹತ್ತಿರುತ್ತವೆ, ಒಣಗಿದ ಮೇಲೆ ಕೆಳಗಿಳಿಯುತ್ತವೆ. ಆಡುಗಳು ಬೇವಿನಲ್ಲಿ ಹತ್ತು ಬಾಯಿ ತಿಂದು ಬಿಟ್ಟವು. ಬಾರಿ ಗಿಡದ ಮುಳ್ಳಿನ ನಡುವೆ ತುಟಿ ತೂರಿಸಿ ಎಲೆ ಮಾತ್ರ ಕಿತ್ತವು. ಕರಿಜಾಲಿಯ ಕಾಯಿ ಆರಿಸಿದವು. ಬಳ್ಳಾರಿ ಜಾಲಿಯ ಎಲೆ ಮೂಸಿ ಬಿಟ್ಟು ಹಣ್ಣಾದ ಕಾಯಿ ತಿಂದವು. ಹಿಂದಿನ ಕಾಲ ಮೇಲೆ ನಿಂತು ಹುಣಸೆ ಚಿಗುರಿಗೆ ಕತ್ತು ಚಾಚಿದವು. ಬದುವಿನ ಹುಲ್ಲು ಒಂದಿಷ್ಟು, ತೊಗರಿ ಕಟಾವಾದ ಹೊಲದ ಉದುರೆಲೆ ಒಂದಿಷ್ಟು. ಮಧ್ಯಾಹ್ನದೊಳಗೆ ನಾವು ಹದಿನೇಳು ತರಹದ ಗಿಡ ಎಣಿಸಿದೆವು. ಯಾವುದರಲ್ಲೂ ಹೊಟ್ಟೆ ತುಂಬಿಸಲಿಲ್ಲ. ಒಂದರಲ್ಲಿ ಒಗರು, ಒಂದರಲ್ಲಿ ಕಹಿ, ಒಂದರಲ್ಲಿ ಸಿಹಿ. ಒಂದರ ದೋಷ ಇನ್ನೊಂದರಿಂದ ಹೋಗುತ್ತದೆ. ಒಗರಿರುವ ಎಲೆಗಳು ಹೊಟ್ಟೆಯ ಜಂತನ್ನೂ ಒಂದಿಷ್ಟು ಹತೋಟಿಯಲ್ಲಿಡುತ್ತವೆ.

"ಮೊದಲ ಇನ್ನೂ ಭಾಳ ಇದ್ದವು" ಎಂದಳು ಅಕ್ಕ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನ್ನಿ ಎಂದರೆ ಎತ್ತರದ ನೆಲ. ಜೋಳ, ಸಜ್ಜಿ, ತೊಗರಿ, ಎಳ್ಳು ಬೆಳೆಯುತ್ತಿದ್ದ ನೆಲದ ನಡುವೆ ಬದು, ಬದುವಿನ ಮೇಲೆ ಬನ್ನಿ, ಬೇವು, ಜಾಲಿ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಕಡೆಯೆಲ್ಲ ಗದ್ದೆಯಾಯಿತು. ನೆಲ್ಲು ಬಂತು, ಕೈಗೆ ದುಡ್ಡು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಡಿ ಮಾಡಲು ಬದುವಿನ ಮರ ಹೋದವು. ಕಳೆಗೆ ಹೊಡೆಯುವ ಔಷಧ ಬದುವಿನ ಸೊಪ್ಪನ್ನೂ ಸುಟ್ಟಿತು. ಜೋಳದ ಸೊಪ್ಪೆಯ ಜಾಗಕ್ಕೆ ನೆಲ್ಲು ಹುಲ್ಲು ಬಂತು. ನೆಲ್ಲು ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಹೆಚ್ಚು, ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು ಅಷ್ಟೇ. ಚಿನ್ನಿ ಅದನ್ನು ಮೂಸಿ ಬಿಟ್ಟದ್ದು ಸೊಕ್ಕಲ್ಲ, ಬುದ್ಧಿ. ನೀರು ನಿಂತ ಗದ್ದೆಯ ಅಂಚಿನ ಹಸಿ ಹುಲ್ಲಿನಲ್ಲಿ ಇನ್ನೊಂದು ಅಪಾಯ ಇದೆ. ಅಲ್ಲಿ ಬಸವನಹುಳು ಇರುತ್ತದೆ, ಅದರಿಂದ ಪಿತ್ತಜನಕಾಂಗ ತಿನ್ನುವ ಚಪ್ಪಟೆ ಹುಳು ಬರುತ್ತದೆ. ಆಡಿನ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು ಕಂಡರೆ ಜಂತಿನ ಪೀಡೆ ಜೋರಾಗಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಬೇಕು.

ಮಗಳು ಬಹಳ ದಿನ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಫೋನು ಹಿಡಿದುಕೊಂಡು ಬಂದಳು. ವಿದೇಶದ ಒಬ್ಬ ಹುಡುಗಿ ಅಂಗೈಯಲ್ಲಿ ಮುಳ್ಳಿನ ಉಂಡೆಯಂಥ ಪ್ರಾಣಿ ಹಿಡಿದಿದ್ದಳು. "ಅಪ್ಪಾ, ಮುಳ್ಳಹಂದಿ ಮರಿ" ಎಂದಳು. ಅದು ನಮ್ಮ ಮುಳ್ಳುಹಂದಿ ಅಲ್ಲ. ನಮ್ಮದು ದೊಡ್ಡದು, ಉದ್ದ ಮುಳ್ಳಿನದು, ಗಡ್ಡೆ ಬೇರು ಕಡಿಯುವಂಥದು. ಅದು ಹೆಡ್ಜ್‌ಹಾಗ್, ಅಂಗೈಯಗಲದ್ದು, ಹುಳ ಹುಪ್ಪಟೆ ತಿನ್ನುವಂಥದು. ಅಲ್ಲಿಯ ಮನೆಗಳಲ್ಲಿ ಸಾಕುವುದು ಆಫ್ರಿಕಾ ಮೂಲದ ತಳಿ. ನಮ್ಮ ದೇಶದಲ್ಲೂ ಆ ಜಾತಿಯವು ಇವೆ, ಆದರೆ ಅವು ಕಾಡುಜೀವಿಗಳು, ಹಿಡಿದು ತಂದು ಸಾಕುವಂಥವಲ್ಲ.

ಆ ಹುಡುಗಿ ಒಂದು ಸಣ್ಣ ತಟ್ಟೆಯಲ್ಲಿ ಹುಳ, ಬೇಯಿಸಿದ ಮೊಟ್ಟೆಯ ಚೂರು, ಪ್ರಾಣಿಗಳ ಒಣ ಆಹಾರ, ಒಂದೆರಡು ಚೂರು ಹಣ್ಣು ಇಟ್ಟಳು. ಹಾಲು ಮಾತ್ರ ಕೊಡಬೇಡಿ ಎಂದಳು. ಪ್ರೀತಿಗೆ ಜನ ಹಾಲು ಇಡುತ್ತಾರಂತೆ, ಅದು ಅರಗದೆ ಭೇದಿಯಾಗುತ್ತದಂತೆ. ಒಂದೇ ತರಹದ್ದು ಹಾಕಿ ಕೂಡಿಸಿದರೆ ಕೊಬ್ಬು ಬೆಳೆದು ಉಂಡೆಯಾಗಿ ಸುತ್ತಿಕೊಳ್ಳಲೂ ಬರುವುದಿಲ್ಲವಂತೆ. ಮಗಳು ಫೋನು ಕೆಳಗಿಟ್ಟು ಕೇಳಿದಳು: "ಅಕಿ ಕೇಳಿ ಹಾಕ್ಯಾಳ. ನಾವ್ಯಾಕ ಕೇಳಲಿಲ್ಲ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಊರೆಲ್ಲ ಪ್ರಶ್ನೆ ಕೇಳುತ್ತ ತಿರುಗುವವರು.

ಮರುವರ್ಷ ಅಕ್ಕ ಇನ್ನೊಂದು ಹೆಣ್ಣು ಮರಿ ಕೊಟ್ಟಳು. ಈ ಸಲ ದುಡ್ಡು ಕೊಟ್ಟು ತಂದೆವು. ಮಗಳು ಹೆಸರಿಡಲು ಒಂದು ವಾರ ತಡೆದಳು, ಆಮೇಲೆ ಬೆಳ್ಳಿ ಎಂದಳು. ಈಗ ಬೆಳ್ಳಿಗೆ ಎರಡು ವರ್ಷ, 25 ಕಿಲೋ ಹತ್ತಿರ. ಅದರ ಊಟ ಹೀಗಿದೆ.

ಹಸಿರು ದಿನಕ್ಕೆ ಎರಡೂವರೆ, ಮೂರು ಕಿಲೋ. ಒಂದೇ ಗಿಡದ್ದಲ್ಲ. ಹಿತ್ತಲಲ್ಲಿ ನುಗ್ಗೆ, ಚೊಗಚೆ ಹಚ್ಚಿದ್ದೇವೆ. ಬೇವು, ಬಾರಿ, ಹುಣಸೆ ಹೊರಗಿನಿಂದ ಬರುತ್ತದೆ. ಸುಬಾಬುಲ್ ಒಳ್ಳೆಯ ಸೊಪ್ಪು, ಆದರೆ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು, ಹೆಚ್ಚಾದರೆ ಕೂದಲು ಉದುರುತ್ತದೆ. ಒಣಮೇವು ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಕಡಲೆ ಹೊಟ್ಟು ಯಾವುದಾದರೂ ಸರಿ. ಇವೆಲ್ಲ ದ್ವಿದಳ ಧಾನ್ಯದವು, ನೆಲ್ಲು ಹುಲ್ಲಿಗಿಂತ ಎಷ್ಟೋ ಮೇಲು. ರಾಶಿ ಮಾಡುವಾಗ ಹೊಟ್ಟಿಗೆ ಬೆಂಕಿ ಹಚ್ಚಬೇಡಿ, ಚೀಲ ಕಟ್ಟಿಡಿ. ಬೇಸಿಗೆಯಲ್ಲಿ ಅದೇ ಬಂಗಾರ.

ಹಿಂಡಿ, ನುಚ್ಚು, ತೌಡು ಸೇರಿದ ಮಿಶ್ರಣ ದಿನಕ್ಕೆ 200 ಗ್ರಾಂ ಒಳಗೆ, ಅದೂ ಎರಡು ಹೊತ್ತಿಗೆ ಹಂಚಿ. ಗಬ್ಬವಾದಾಗ, ಹಾಲು ಕೊಡುವಾಗ ಸ್ವಲ್ಪ ಹೆಚ್ಚು. ಹೋತಕ್ಕೆ ತೌಡು ನುಚ್ಚು ಜಾಸ್ತಿ ಹಾಕಿದರೆ ಮೂತ್ರದಲ್ಲಿ ಕಲ್ಲಾಗಿ ಉಚ್ಚೆ ಕಟ್ಟುತ್ತದೆ, ಹಬ್ಬಕ್ಕೆ ಕೊಬ್ಬಿಸುವವರು ಇದನ್ನು ನೆನಪಿಡಿ. ಖನಿಜ ಮಿಶ್ರಣದ ಪುಡಿ ದಿನಕ್ಕೆ ಐದರಿಂದ ಹತ್ತು ಗ್ರಾಂ. ಕುಡಿಯಲು ಶುದ್ಧ ನೀರು ಯಾವಾಗಲೂ ಮುಂದೆ. ಹೊಸ ಮೇವು ಯಾವುದೇ ಇರಲಿ, ಒಂದು ವಾರ ಹತ್ತು ದಿನ ಹಿಡಿದು ಚೂರು ಚೂರೇ ಹೆಚ್ಚಿಸಬೇಕು, ಹೊಟ್ಟೆಯ ಜೀವಿಗಳಿಗೆ ಒಗ್ಗಲು ಅಷ್ಟು ದಿನ ಬೇಕು.

ಸೊಪ್ಪನ್ನು ನೆಲಕ್ಕೆ ಎಸೆಯುವುದಿಲ್ಲ. ಕಟ್ಟು ಕಟ್ಟಿ ಕುತ್ತಿಗೆಯ ಎತ್ತರಕ್ಕೆ ತೂಗಿಬಿಡುತ್ತೇವೆ. ಆಡು ತಾನು ತುಳಿದದ್ದನ್ನು ತಿನ್ನುವುದಿಲ್ಲ.

ಕೊಡಬಾರದ್ದೂ ಇವೆ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ ಮತ್ತು ಕೊಯ್ದ ಕೂಳೆಯಲ್ಲಿ ಮತ್ತೆ ಬಂದ ಚಿಗುರಿನಲ್ಲಿ ಸೈನೈಡ್ ವಿಷ ಇರುತ್ತದೆ, ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಗುಡಿಯ ಮುಂದಿನ ಕಣಗಿಲೆ ಸೊಪ್ಪು ಬೇಡ. ಎಣ್ಣೆ ಹೊಡೆದ ಹೊಲದ, ಬದುವಿನ ಹುಲ್ಲು ಬೇಡ. ಬೂಸ್ಟು ಹಿಡಿದ ಹೊಟ್ಟು, ಹಿಂಡಿ ಬೇಡ. ಮತ್ತೆ, ಮದುವೆ, ಜಾತ್ರೆ, ತಿಥಿಯ ಅನ್ನ ಬೇಡ.

ಅಕಸ್ಮಾತ್ ಬುಟ್ಟಿಗೆ ಬಾಯಿ ಹಾಕಿಬಿಟ್ಟರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಇನ್ನೂ ಕುಣಿದಾಡುತ್ತಿರುವಾಗಲೇ ಡಾಕ್ಟರಿಗೆ ಫೋನು ಮಾಡಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು ಎಂಬ ಮೂರನ್ನು ಸರಿಯಾಗಿ ಹೇಳಿ. ಉಳಿದ ಕಾಳು, ಹಿಟ್ಟು ಮುಂದಿನಿಂದ ತೆಗೆದು ಒಣಹುಲ್ಲು ಮಾತ್ರ ಇಡಿ. ಕರುಳು ಬೇನೆಗೆ, ಹಿರೇಬೇನೆ ಎಂದು ಕರೆಯುವ ಪಿಪಿಆರ್‌ಗೆ ಲಸಿಕೆ ಹಾಕಿಸಿ, ಜಂತಿನ ಔಷಧವನ್ನು ಡಾಕ್ಟರು ಹೇಳಿದ ಹಾಗೆ ಕುಡಿಸಿ.

ಇದೆಲ್ಲ ಹೇಳುವುದು ಸುಲಭ. ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು. ಉಳಿದದ್ದನ್ನು ಒಂದು ಜೀವಕ್ಕೆ ಹಾಕಿದರೆ ಪುಣ್ಯ ಎಂದು ನಮ್ಮ ಕೈ ತಾನಾಗಿ ಆ ಕಡೆ ಹೋಗುತ್ತದೆ. ಅವ್ವ ಒಂದು ದಾರಿ ಹುಡುಕಿದ್ದಾಳೆ. ಓಣಿಯಲ್ಲಿ ಮದುವೆ ಇದ್ದರೆ ಹಿಂದಿನ ದಿನವೇ ಹೋಗಿ, ಅನ್ನ ಉಳಿದರೆ ಯಾರ ಮನೆಗೆ ಕೊಡಬೇಕು ಎಂದು ಮಾತಾಡಿ ಬರುತ್ತಾಳೆ. ಮನುಷ್ಯರು ತಿಂದು ಉಳಿದದ್ದು ಗುಂಡಿಗೆ, ಗೊಬ್ಬರಕ್ಕೆ. ಮೇಲೆ ಮಣ್ಣು ಮುಚ್ಚಬೇಕು, ಇಲ್ಲದಿದ್ದರೆ ಬಿಟ್ಟ ದನ ಬಂದು ತಿನ್ನುತ್ತವೆ.

ಕಳೆದ ಬೇಸಿಗೆಯಲ್ಲಿ ಮತ್ತೊಂದು ಊರಿಂದ ಫೋನು ಬಂತು. "ಕುರಿ ಸತ್ತಾವ್ರಿ, ಯಾರೋ ವಿಷ ಹಾಕ್ಯಾರ, ಹಾಕ್ರಿ ಪೇಪರಿಗೆ" ಎಂದರು. ನಾವು ಬೈಕ್ ತೆಗೆದುಕೊಂಡು ಹೋದೆವು. ಏನು ತಿಂದಿದ್ದವು ಎಂದು ಮೊದಲು ಕೇಳಿದೆವು. ಹಿಂದಿನ ದಿನ ನೆಲ್ಲಿನ ರಾಶಿಗೆ ನುಗ್ಗಿದ್ದವು. ಡಾಕ್ಟರು ಬಂದು ನೋಡುವವರೆಗೆ ಕೂತು, ಆಮೇಲೆ ಬರೆದೆವು. ಸುದ್ದಿ ಒಂದು ದಿನ ತಡವಾಯಿತು, ಡೆಸ್ಕಿನಿಂದ ಬೈಸಿಕೊಂಡೆವು. ಆದರೆ ಅದರಲ್ಲಿ ವಿಷ ಎಂಬ ಪದ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಕಾಕಾ ನಮ್ಮ ಅಂಗಳದಲ್ಲಿದ್ದರು. ತಮ್ಮ ಹೊಲದ ತೊಗರಿ ಹೊಟ್ಟಿನ ಚೀಲ ಇಳಿಸಿ, ಬೆಳ್ಳಿಯ ಬೆನ್ನು ತಟ್ಟುತ್ತ, ಕಿಸೆಯಿಂದ ಬಿಸ್ಕೀಟು ತೆಗೆದರು. ಮಗಳು ಒಳಗಿಂದಲೇ ಕೂಗಿದಳು:

"ಮುತ್ಯಾ, ಅದನ್ನ ನೀ ತಿನ್ನು. ಅದಕ್ಕ ಬ್ಯಾಡ."

ಕಾಕಾ ನಕ್ಕು, ಬಿಸ್ಕೀಟನ್ನು ತಮ್ಮ ಬಾಯಿಗೆ ಹಾಕಿಕೊಂಡರು.